ಕಾರಿನ ರೇಡಿಯೋದಲ್ಲಿ ಸಿಂಫನಿ, ರಾತ್ರಿ ಜಾಝ್: ಈ ಬೇಸಿಗೆ ಎಲ್ಲಿಂದ ಕೇಳಲು ಶುರು ಮಾಡಲಿ?

ಪ್ರಶ್ನೆ: ಸರ್, ನಾನು ಮೈಸೂರಿನವಳು, ಈಗ ಬಾಸ್ಟನ್ ಹತ್ತಿರ ಇದ್ದೇನೆ. ಕೆಲಸಕ್ಕೆ ಹೋಗಿ ಬರುವುದಕ್ಕೇ ದಿನಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಕಳೆಯುತ್ತದೆ. ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಜೂನಿಯರ್ ಪರೀಕ್ಷೆ ತನಕ ಕಲಿತಿದ್ದೆ. ಇಲ್ಲಿ ರೇಡಿಯೋದಲ್ಲಿ ಹಗಲು ಪಾಶ್ಚಾತ್ಯ ಕ್ಲಾಸಿಕಲ್ ಕೇಳುತ್ತೇನೆ, ರಾತ್ರಿ ಜಾಝ್. ಇಷ್ಟ ಆಗುತ್ತದೆ, ಆದರೆ ತಲೆಬುಡ ಗೊತ್ತಾಗುವುದಿಲ್ಲ. ಲಂಡನ್ನಿನಲ್ಲಿರುವ ಅಣ್ಣ ಫೋನ್ ಮಾಡಿದಾಗೆಲ್ಲ ‘ಬೇಸಿಗೆ ಬಂತು, ಇಲ್ಲಿಯ ಪ್ರಾಮ್ಸ್ ಕಚೇರಿಗಳನ್ನು ಕೇಳು’ ಅನ್ನುತ್ತಾನೆ. ಮೊದಲು ಪುಸ್ತಕ ಓದಿಕೊಳ್ಳಬೇಕಾ? ಯಾವುದರಿಂದ ಶುರು ಮಾಡಲಿ?

ಉತ್ತರ: ಪುಸ್ತಕ ಆಮೇಲೆ ಓದಬಹುದು, ಮೊದಲು ಕೇಳಿ. ಜೂನಿಯರ್ ತನಕ ಕಲಿತವರಿಗೆ ಬೇಕಾದ ಮುಖ್ಯ ಅಭ್ಯಾಸ ಆಗಲೇ ಬಂದಿರುತ್ತದೆ. ಕೃತಿ ಹಾಡುವಾಗ ಪಲ್ಲವಿಯನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅನುಪಲ್ಲವಿ ಚರಣ ಎಲ್ಲಾ ಸುತ್ತಿಕೊಂಡು, ಮತ್ತೆ ಪಲ್ಲವಿಗೆ ಬಂದು ಸೇರುತ್ತೀರಲ್ಲ, ಹಾಗೆ ವಾಪಸ್ ಬರುವ ಜಾಗಕ್ಕೆ ಕಾಯುವ ಕಿವಿ ಇದ್ದರೆ ಸಿಂಫನಿಯೂ (ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಸಿಗುತ್ತದೆ, ಜಾಝೂ ಸಿಗುತ್ತದೆ. ಮೊದಲ ಧಾಟಿಯನ್ನು ಗಟ್ಟಿಯಾಗಿ ಹಿಡಿಯಿರಿ. ಅದು ಯಾವಾಗ, ಹೇಗೆ, ಯಾರ ಕೈಯಲ್ಲಿ ತಿರುಗಿ ಬರುತ್ತದೆ ಅಂತ ಕಾಯಿರಿ. ಈ ಬೇಸಿಗೆ ಪೂರ್ತಿ ಇದೊಂದನ್ನೇ ಮಾಡಿದರೂ ನಿಮ್ಮ ಕೇಳ್ಮೆ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ.

ಇನ್ನೊಂದು ಮಾತು. ಸ್ಟೇಶನ್ ಬದಲಾಯಿಸುತ್ತಾ ಹೋಗಬೇಡಿ. ಹಗಲಿಗೆ ಒಂದು, ರಾತ್ರಿಗೆ ಒಂದು, ಅಷ್ಟು ಸಾಕು. ನಿಮ್ಮ ಕಡೆ 99.5ರಲ್ಲಿ ಡಬ್ಲ್ಯೂಸಿಆರ್‌ಬಿ ಕ್ಲಾಸಿಕಲ್ ಇದೆ. ಜಾಝ್‌ಗೆ ವೂಸ್ಟರ್‌ನ ಡಬ್ಲ್ಯೂಐಸಿಎನ್ ಇದೆ, 90.5. ಅದು ನಿಮ್ಮ ಮನೆತನಕ ಸರಿಯಾಗಿ ಬರದಿದ್ದರೆ ಇಂಟರ್ನೆಟ್‌ನಲ್ಲಿ ಹಾಕಿಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ಬೇಕಾದ ಹಾಡು ಆಯ್ದುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಆಯ್ದುಕೊಳ್ಳುವಾಗ ನಮಗೆ ಗೊತ್ತಿರುವುದನ್ನೇ ಆಯ್ದುಕೊಳ್ಳುತ್ತೇವೆ, ಮೂರನೇ ನಿಮಿಷಕ್ಕೆ ಬೇಜಾರಾದರೆ ಮುಂದಕ್ಕೆ ಓಡಿಸುತ್ತೇವೆ. ರೇಡಿಯೋದಲ್ಲಿ ಓಡಿಸಲು ಆಗುವುದಿಲ್ಲ. ಬೇಜಾರಾದ ಆ ಮೂರನೇ ನಿಮಿಷ ದಾಟಿ ಐದನೇ ನಿಮಿಷಕ್ಕೆ ಬಂದಾಗಲೇ ಎಷ್ಟೋ ಸಲ ನನಗೆ ಒಂದು ಕೃತಿ ಬಾಗಿಲು ತೆರೆದಿದೆ.

ಈಗ ಬೇಸಿಗೆ ಯಾಕೆ ಒಳ್ಳೆಯ ಸಮಯ ಅಂತ ಹೇಳುತ್ತೇನೆ. ನಮ್ಮ ಬೇಸಿಗೆ ಯುಗಾದಿಯಿಂದ ಮುಂಗಾರಿನ ತನಕ. ಅಲ್ಲಿಯದು ಜೂನ್ ಕೊನೆಯಿಂದ ಆಗಸ್ಟ್ ಕೊನೆಯ ತನಕ, ಅಂದರೆ ನಮ್ಮಲ್ಲಿ ಆಷಾಢ, ಶ್ರಾವಣ ನಡೆಯುವ ಹೊತ್ತು. ಆಗ ದೊಡ್ಡ ಆರ್ಕೆಸ್ಟ್ರಾಗಳು ಊರಿನ ಸಭಾಂಗಣ ಬಿಟ್ಟು ಬಯಲಿಗೆ ಹೋಗುತ್ತವೆ, ಮೈಕ್ ಹಿಡಿದು ರೇಡಿಯೋದವರೂ ಹಿಂದೆಯೇ ಹೋಗುತ್ತಾರೆ. ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾದ ಬೇಸಿಗೆ ಮನೆ ಟ್ಯಾಂಗಲ್‌ವುಡ್, ನಿಮ್ಮದೇ ರಾಜ್ಯದ ಪಶ್ಚಿಮದಲ್ಲಿ, ಬರ್ಕ್‌ಶೈರ್ ಬೆಟ್ಟಗಳ ನಡುವೆ ಲೆನಾಕ್ಸ್ ಊರಿನಲ್ಲಿದೆ. ವಾರಾಂತ್ಯದ ಕಚೇರಿಗಳನ್ನು ಅಲ್ಲಿಂದ ನಿಮ್ಮ 99.5 ಪ್ರಸಾರ ಮಾಡುತ್ತದೆ.

ಅಲ್ಲಿ ಇವತ್ತು ‘ಶೆಡ್’ ಅಂತ ಕರೆಯುವ ದೊಡ್ಡ ಚಾವಣಿ ಇದೆ, ಗೋಡೆ ಇಲ್ಲ, ಸುಮಾರು 5 ಸಾವಿರ ಜನ ಕೂರಬಹುದು, ಉಳಿದವರು ಸುತ್ತಲಿನ ಹುಲ್ಲಿನ ಮೇಲೆ ಚಾಪೆ ಹಾಸಿಕೊಳ್ಳುತ್ತಾರೆ. ಅದು ಕಟ್ಟಿದ್ದು ಒಂದು ಮಳೆಯ ದೆಸೆಯಿಂದ. 1937ರ ಆಗಸ್ಟ್ 12ರಂದು ಟೆಂಟಿನ ಕೆಳಗೆ ವ್ಯಾಗ್ನರ್ ಸಂಗೀತ ನಡೆಯುತ್ತಿತ್ತು. ಗುಡುಗು ಮಿಂಚು ಸಮೇತ ಮಳೆ ಸುರಿಯಿತು, ವಾದ್ಯಗಳ ಸದ್ದೇ ಕೇಳಿಸದೆ ಕಚೇರಿ ನಿಂತಿತು. ಅಲ್ಲಿಯ ಸಂಗೀತ ಹಬ್ಬವನ್ನು ನಡೆಸುತ್ತಿದ್ದ ಗರ್ಟ್ರೂಡ್ ರಾಬಿನ್ಸನ್ ಸ್ಮಿತ್ ಎಂಬಾಕೆ ಆ ರಾತ್ರಿಯೇ ವೇದಿಕೆ ಹತ್ತಿ, ಕಾಯಂ ಚಾವಣಿಗೆ ದುಡ್ಡು ಕೊಡಿ ಅಂತ ಜನರನ್ನು ಕೇಳಿದರು. ಮುಂದಿನ ಬೇಸಿಗೆಗೆ, 1938ರಲ್ಲಿ, ಶೆಡ್ ಎದ್ದು ನಿಂತಿತು. ನೇರ ಪ್ರಸಾರ ಕೇಳುವಾಗ ಮೆಲ್ಲನೆ ನುಡಿಸುವ ಜಾಗದಲ್ಲಿ ಹಿಂದೆ ಹಕ್ಕಿ ಕೂಗುವುದು, ಒಮ್ಮೊಮ್ಮೆ ದೂರದ ಗುಡುಗು ಕೂಡ ಕೇಳಿಸಬಹುದು. ಸ್ಟುಡಿಯೋ ರೆಕಾರ್ಡಿನಲ್ಲಿ ಇದು ಸಿಗುವುದಿಲ್ಲ. ನನಗೆ ಅದು ತುಂಬಾ ಇಷ್ಟ.

ಮಳೆಯ ಮಾತು ಬಂತಲ್ಲ, ನಿಮ್ಮ ಮೊದಲ ಪಾಠವೂ ಮಳೆಯೇ ಆಗಲಿ. ಸೆಕೆ, ಸೆಕೆ, ಆಮೇಲೆ ಒಮ್ಮೆಲೇ ಗುಡುಗು: ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ವಿವಾಲ್ಡಿಯ ‘ನಾಲ್ಕು ಋತುಗಳು’ ಬೇಸಿಗೆ ರೇಡಿಯೋದಲ್ಲಿ ಬಂದೇ ಬರುತ್ತದೆ. 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದ 12 ಪಿಟೀಲು ಕಂಚೆರ್ಟೊಗಳ (ಒಂದು ಪಿಟೀಲು ಮುಂದೆ, ಇಡೀ ತಂಡ ಜೊತೆಗೆ) ಗುಂಪಿನಲ್ಲಿ ಮೊದಲ ನಾಲ್ಕು ಇವು. ಜನ ‘ವಸಂತ’ವನ್ನು ಜಾಸ್ತಿ ಗುನುಗುತ್ತಾರೆ. ನನ್ನ ಪ್ರಕಾರ ನಾಲ್ಕರಲ್ಲಿ ‘ಬೇಸಿಗೆ’ಯೇ ಮೇಲು. ಹತ್ತು ಹನ್ನೊಂದು ನಿಮಿಷದ ಕೃತಿ, ಮೂರು ಭಾಗ. ಪ್ರತಿ ಋತುವಿನ ಜೊತೆಗೂ ಒಂದು ಇಟಾಲಿಯನ್ ಪದ್ಯ ಅಚ್ಚಾಗಿದೆ, ಸಂಗೀತ ಅದನ್ನೇ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ಮೊದಲ ಭಾಗದಲ್ಲಿ ಬಿಸಿಲಿಗೆ ಮನುಷ್ಯನೂ ಕುರಿಯೂ ಬಾಡಿ ಕೂತಿದ್ದಾರೆ. ಪಿಟೀಲುಗಳು ಉಸಿರೇ ಇಲ್ಲದ ಹಾಗೆ ಎರಡೆರಡು ಸ್ವರ ಎಳೆದು ನಿಲ್ಲುತ್ತವೆ. ಮಧ್ಯೆ ಕೋಗಿಲೆ ಕೂಗುತ್ತದೆ. ಎರಡನೇ ಭಾಗದಲ್ಲಿ ಕುರುಬರ ಹುಡುಗನಿಗೆ ಮಲಗಬೇಕು, ಆದರೆ ನೊಣಗಳ ಕಾಟ, ದೂರದಲ್ಲಿ ಗುಡುಗು. ಒಂದು ಪಿಟೀಲು ನಿಧಾನವಾಗಿ ಹಾಡುತ್ತಿರುತ್ತದೆ, ನಡುನಡುವೆ ಇಡೀ ಗುಂಪು ಗುಡುಗಿ ಸುಮ್ಮನಾಗುತ್ತದೆ. ಮೂರನೆಯದು ಆಲಿಕಲ್ಲು ಮಳೆ, ನಿಂತ ಬೆಳೆಯನ್ನು ಬಡಿದು ಮಲಗಿಸುತ್ತದೆ. ಅದು ಸಂತೋಷದ ಮಳೆ ಅಲ್ಲ, ರೈತನ ಹೊಟ್ಟೆಗೆ ಹೊಡೆಯುವ ಮಳೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಮಾವಿನ ತೋಟಕ್ಕೆ ಆಲಿಕಲ್ಲು ಬಿದ್ದಾಗಿನ ಸಂಕಟ ಗೊತ್ತಿದ್ದವರಿಗೆ ಆ ಕೊನೆಯ ಭಾಗ ಸುಮ್ನೆ ‘ವೇಗದ ಸಂಗೀತ’ ಅನ್ನಿಸುವುದಿಲ್ಲ.

ಇದು ಎರಡು ಮೂರು ಸಲ ಕಿವಿಗೆ ಬಿದ್ದ ಮೇಲೆ ಬೀಥೋವನ್‌ನ ಆರನೇ ಸಿಂಫನಿಗೆ ಹೋಗಿ. ‘ಪ್ಯಾಸ್ಟೋರಲ್’ ಅಂತ ಹೆಸರು, ಹಳ್ಳಿಗಾಡಿನ ಸಿಂಫನಿ, ಸುಮಾರು 40 ನಿಮಿಷ. ಬೇರೆ ಸಿಂಫನಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ ಇರುತ್ತವೆ, ಇದರಲ್ಲಿ ಐದು. ಎರಡನೆಯದು ತೊರೆಯ ದಡ. ಅದರ ಕೊನೆಯಲ್ಲಿ ಮೂರು ಹಕ್ಕಿ ಕೂಗುತ್ತವೆ. ಕೊಳಲಿನಲ್ಲಿ ನೈಟಿಂಗೇಲ್, ಓಬೋದಲ್ಲಿ ಲಾವುಗೆ, ಕ್ಲಾರಿನೆಟ್‌ನಲ್ಲಿ ಕೋಗಿಲೆ. ಮೂರನೆಯದರಲ್ಲಿ ಹಳ್ಳಿಯವರು ಕುಣಿಯುತ್ತಿದ್ದಾರೆ, ಕುಣಿತದ ನಡುವೆಯೇ ಮೋಡ ಕವಿಯುತ್ತದೆ, ನಾಲ್ಕನೆಯದು ಪೂರ್ತಿ ಬಿರುಗಾಳಿ ಮಳೆ, ಐದನೆಯದು ಮಳೆ ನಿಂತ ಮೇಲಿನ ಕುರುಬರ ಹಾಡು. ಈ ಮೂರು ಭಾಗಗಳ ನಡುವೆ ಬಿಡುವೇ ಇಲ್ಲ, ಒಂದರೊಳಗೆ ಒಂದು ಸೇರಿಕೊಂಡು ಹೋಗುತ್ತವೆ. ಟಿಂಪನಿ ಅಂತ ದೊಡ್ಡ ನಗಾರಿ ಇದೆಯಲ್ಲ, ಇಡೀ ಸಿಂಫನಿಯಲ್ಲಿ ಅದನ್ನು ಬಾರಿಸುವುದು ಮಳೆಯ ಭಾಗದಲ್ಲಿ ಮಾತ್ರ. ಅರ್ಧ ಗಂಟೆ ಹತ್ತಿರ ನಗಾರಿಯವನು ಕೈಕಟ್ಟಿ ಕೂತಿರುತ್ತಾನೆ. ಅದಕ್ಕೇ ಆ ಗುಡುಗು ಅಷ್ಟು ಜೋರಾಗಿ ಎದೆಗೆ ತಟ್ಟುತ್ತದೆ.

ನನಗೆ ಯಾವಾಗಲೂ ಸೋಜಿಗ ಅನ್ನಿಸುವ ಒಂದು ವಿಷಯ ಹೇಳುತ್ತೇನೆ. ಈ ಸಿಂಫನಿಯನ್ನು ಮೊದಲು ನುಡಿಸಿದ್ದು ವಿಯೆನ್ನಾದಲ್ಲಿ 1808ರ ಡಿಸೆಂಬರ್ 22ರಂದು, ಕೊರೆಯುವ ಚಳಿಯಲ್ಲಿ, ನಾಲ್ಕು ಗಂಟೆ ನಡೆದ ಕಚೇರಿಯಲ್ಲಿ. ಬೇಸಿಗೆಯ ಮಧ್ಯಾಹ್ನದ ಮಂಪರನ್ನು ಕೊಳಲಿನಲ್ಲಿ ಹಿಡಿದ ಇನ್ನೊಂದು ಹತ್ತು ನಿಮಿಷದ ಕೃತಿ ಇದೆ, ಡೆಬ್ಯುಸಿಯದು, ‘ಫಾನ್’ ಎಂಬ ಕಾಡಿನ ದೇವತೆಯ ಮಧ್ಯಾಹ್ನದ ಬಗ್ಗೆ. ಅದನ್ನು ಪ್ಯಾರಿಸ್‌ನಲ್ಲಿ ಮೊದಲು ನುಡಿಸಿದ್ದು 1894ರಲ್ಲಿ, ಅದೂ ಡಿಸೆಂಬರ್ 22ರಂದೇ. ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ ಕೂತು ಜನ ಬೇಸಿಗೆ ಕೇಳಿದರು. ಡೆಬ್ಯುಸಿಯನ್ನು ಊಟ ಆದ ಮೇಲೆ, ಕಿಟಕಿ ತೆರೆದಿಟ್ಟು ಕೇಳಿ. ಶುರುವಿನಲ್ಲಿ ಒಂಟಿ ಕೊಳಲು ಇಳಿಯುತ್ತಾ ಬಂದು ಮತ್ತೆ ಹತ್ತುತ್ತದೆ. ಆ ಎಳೆಯನ್ನು ಹಿಡಿದರೆ ಸಾಕು, ಅದು ಎಷ್ಟು ಸಲ ಬಟ್ಟೆ ಬದಲಾಯಿಸಿ ಬರುತ್ತದೆ ಅಂತ ಎಣಿಸಬಹುದು.

ಇಲ್ಲಿ ನಿಮ್ಮ ಕರ್ನಾಟಕ ಸಂಗೀತದ ಕಿವಿ ಒಂದು ಕಡೆ ತಡವರಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಗ ಗಾಬರಿ ಆಗುವುದಿಲ್ಲ. ನಮ್ಮಲ್ಲಿ ತಂಬೂರಿ ಶುರುವಿನಿಂದ ಕೊನೆಯ ತನಕ ಒಂದೇ ಷಡ್ಜ ಹಿಡಿದಿರುತ್ತದೆ, ರಾಗ ಬದಲಾದರೂ ಸ ಅಲುಗುವುದಿಲ್ಲ. ಸಿಂಫನಿಯಲ್ಲಿ ತಂಬೂರಿ ಇಲ್ಲ, ಸ ಜಾಗ ಬದಲಾಯಿಸುತ್ತಲೇ ಇರುತ್ತದೆ. ಒಂದು ಮನೆಯಿಂದ ಹೊರಟು, ಪಕ್ಕದ ಮನೆಗೆ ಹೋಗಿ, ಅಲ್ಲಿಂದ ದೂರದ ಬೀದಿಗೆ ಹೋಗಿ, ಕೊನೆಗೆ ಹೊರಟ ಮನೆಗೇ ಬರುತ್ತದೆ. ನಮ್ಮಲ್ಲಿ ಕುತೂಹಲ ರಾಗದ ಬಳುಕಿನಲ್ಲಿ, ಗಮಕದಲ್ಲಿ ಇರುತ್ತದೆ. ಅಲ್ಲಿ ಮನೆ ಬಿಟ್ಟು ಹೋದವನು ಹೇಗೆ ವಾಪಸ್ ಬರುತ್ತಾನೆ ಅನ್ನುವುದರಲ್ಲಿ ಇರುತ್ತದೆ. ಬೀಥೋವನ್ ಕೇಳುವಾಗ ಮಧ್ಯದಲ್ಲೆಲ್ಲೋ ‘ದಾರಿ ತಪ್ಪಿತು’ ಅನ್ನಿಸಿದರೆ ನೀವು ಸರಿಯಾಗಿಯೇ ಕೇಳುತ್ತಿದ್ದೀರಿ. ಅವನು ಬೇಕು ಅಂತಲೇ ದಾರಿ ತಪ್ಪಿಸಿದ್ದಾನೆ. ಸುಮ್ನೆ ಕಾಯಿರಿ.

ಕಾರಿನ ವಿಷಯ. ಇದನ್ನು ಬಹಳ ಜನ ಗಮನಿಸುವುದಿಲ್ಲ, ಆಮೇಲೆ ‘ಸಿಂಫನಿ ನನಗೆ ಹಿಡಿಸಲಿಲ್ಲ’ ಅನ್ನುತ್ತಾರೆ. ದೊಡ್ಡ ಆರ್ಕೆಸ್ಟ್ರಾದ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರು ಸದ್ದಿಗೂ ಬಹಳ ಅಂತರ. ರೇಡಿಯೋ ಸ್ಟೇಶನ್‌ನವರು ಮೆಲ್ಲಗಿರುವುದನ್ನು ಸ್ವಲ್ಪ ಏರಿಸಿ, ಜೋರಿರುವುದನ್ನು ಸ್ವಲ್ಪ ತಗ್ಗಿಸಿಯೇ ಕಳಿಸುತ್ತಾರೆ. ಆದರೂ ಹೆದ್ದಾರಿಯಲ್ಲಿ ಟಯರಿನ ಸದ್ದು, ಏಸಿಯ ಸದ್ದು ಸೇರಿ ಮೆಲ್ಲನೆಯದನ್ನೆಲ್ಲ ನುಂಗಿಬಿಡುತ್ತವೆ. ನೀವು ವಾಲ್ಯೂಮ್ ಏರಿಸುತ್ತೀರಿ, ಅಷ್ಟರಲ್ಲಿ ತುತ್ತೂರಿಗಳು ಬಂದು ಕಿವಿಗೆ ಬಡಿಯುತ್ತವೆ. ಆದ್ದರಿಂದ ಕಾರಿನಲ್ಲಿ ವಿವಾಲ್ಡಿ, ಬಾಖ್, ಮೋಝಾರ್ಟ್, ಪಿಯಾನೋ ಒಂಟಿಯಾಗಿ ನುಡಿಸಿದ್ದು, ಸಣ್ಣ ಜಾಝ್ ತಂಡಗಳು. ಇವುಗಳಲ್ಲಿ ಸದ್ದಿನ ಏರಿಳಿತ ಕಡಿಮೆ. ಮಾಹ್ಲರ್, ಡೆಬ್ಯುಸಿ, ಟ್ಯಾಂಗಲ್‌ವುಡ್‌ನ ನೇರ ಪ್ರಸಾರ ಮನೆಗೆ ಇಟ್ಟುಕೊಳ್ಳಿ, ಶನಿವಾರ ರಾತ್ರಿ, ದೀಪ ಸಣ್ಣ ಮಾಡಿ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದಿಷ್ಟು ನಿಶ್ಶಬ್ದ ಇರುತ್ತದೆ, ಕೆಮ್ಮು ಕೇಳಿಸುತ್ತದೆ, ಚಪ್ಪಾಳೆ ಇರುವುದಿಲ್ಲ. ಕೃತಿ ಮುಗಿದಿಲ್ಲ ಅಂತ ಅರ್ಥ. ಸ್ಟೇಶನ್ ಹೋಯಿತು ಅಂದುಕೊಂಡು ಬದಲಾಯಿಸಬೇಡಿ.

ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ 4ರಂದು ಚೈಕೋವ್‌ಸ್ಕಿಯ ‘1812’ ಫಿರಂಗಿ ಸಮೇತ ಬರುತ್ತದೆ. 1974ರಲ್ಲಿ ನಿಮ್ಮ ಬಾಸ್ಟನ್ ಪಾಪ್ಸ್‌ನ ಆರ್ಥರ್ ಫೀಡ್ಲರ್ ಅದನ್ನು ಚಾರ್ಲ್ಸ್ ನದಿಯ ದಡದಲ್ಲಿ ನುಡಿಸಿದ ಮೇಲೆ ಅಮೆರಿಕದಲ್ಲಿ ರೂಢಿ ಆಯಿತು. ನೆಪೋಲಿಯನ್ ರಷ್ಯಾದಿಂದ ಸೋತು ಹೋದ ಕಥೆ ಅದು. ಒಮ್ಮೆ ಕೇಳಿ, ಸಾಕು.

ಈಗ ಜಾಝ್. ಕ್ಲಾಸಿಕಲ್‌ನಿಂದ ಜಾಝ್‌ಗೆ ದಾಟಲು ಒಂದು ಒಳ್ಳೆಯ ಸೇತುವೆ ಇದೆ, ಅದರ ಹೆಸರೇ ‘ಸಮರ್‌ಟೈಮ್’. ಜಾರ್ಜ್ ಗರ್ಶ್ವಿನ್‌ನ ‘ಪೋರ್ಗಿ ಅಂಡ್ ಬೆಸ್’ ಎಂಬ ಆಪೆರಾದ, ಅಂದರೆ ಹಾಡಿನಲ್ಲೇ ನಡೆಯುವ ನಾಟಕದ, ಮೊದಲ ಹಾಡು. ಆ ಆಪೆರಾ ಮೊದಲು ಜನರ ಮುಂದೆ ಬಂದದ್ದು ನಿಮ್ಮ ಊರಿನಲ್ಲೇ, ಬಾಸ್ಟನ್‌ನ ಕಲೋನಿಯಲ್ ಥಿಯೇಟರ್‌ನಲ್ಲಿ, 1935ರ ಸೆಪ್ಟೆಂಬರ್ 30ರಂದು. ನ್ಯೂಯಾರ್ಕ್‌ಗೆ ಹೋದದ್ದು ಆಮೇಲೆ. ಹಾಡು ಒಂದು ಜೋಗುಳ. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನ ಮೀನುಗಾರರ ಕೇರಿಯಲ್ಲಿ ಕ್ಲಾರಾ ಎಂಬ ತಾಯಿ ಮಗುವಿಗೆ ಹಾಡುತ್ತಾಳೆ. ಹಾಡಿನಲ್ಲಿ ಎಲ್ಲವೂ ಸುಖವಾಗಿದೆ, ಕಥೆಯಲ್ಲಿ ಹಾಗಿಲ್ಲ. ಚಂಡಮಾರುತ ಬಂದು ಅಪ್ಪ, ಅಮ್ಮ ಇಬ್ಬರೂ ಹೋಗುತ್ತಾರೆ, ಅದೇ ಜೋಗುಳವನ್ನು ಆ ಮಗುವಿಗೆ ಬೆಸ್ ಹಾಡುತ್ತಾಳೆ. ನೋಡಿ, ಇಲ್ಲೂ ಮಳೆ ಗಾಳಿಯೇ. ಇದು ಗೊತ್ತಿದ್ದು ಕೇಳಿದರೆ ಹಾಡಿನ ನಿಧಾನದ ಒಳಗೆ ಒಂದು ಹೆದರಿಕೆ ಇರುವುದು ತಿಳಿಯುತ್ತದೆ.

ಈ ಹಾಡಿನ ಧಾಟಿಯಲ್ಲಿ ಹೆಚ್ಚು ಪಾಲು ಐದೇ ಸ್ವರ. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶುದ್ಧ ಧನ್ಯಾಸಿಯ ಸ್ವರಗಳಿಗೆ ಬಹಳ ಹತ್ತಿರ, ಗಮಕ ಬೇರೆ, ರಾಗದ ನಡೆ ಬೇರೆ ಅಷ್ಟೇ. ಅದಕ್ಕೇ ನಮ್ಮವರಿಗೆ ಅದು ಮೊದಲ ಸಲವೇ ಪರಿಚಿತ ಅನ್ನಿಸುವುದು. ಮೊದಲು ಆಪೆರಾದ ದನಿಯಲ್ಲಿ ಕೇಳಿ. ಆಮೇಲೆ ಎಲಾ ಫಿಟ್ಝ್‌ಜೆರಾಲ್ಡ್, ಲೂಯಿ ಆರ್ಮ್‌ಸ್ಟ್ರಾಂಗ್ 1957ರಲ್ಲಿ ಒಟ್ಟಿಗೆ ಹಾಡಿದ್ದು. ಆಮೇಲೆ 1958ರಲ್ಲಿ ಮೈಲ್ಸ್ ಡೇವಿಸ್ ಟ್ರಂಪೆಟ್‌ನಲ್ಲಿ ನುಡಿಸಿದ್ದು. ಒಂದೇ ಕೀರ್ತನೆಯನ್ನು ಮೂರು ವಿದ್ವಾಂಸರ ಹತ್ತಿರ ಕೇಳಿದ ಹಾಗೆ. ಜಾಝ್ ಅಂದರೆ ಏನು ಅನ್ನುವ ಪ್ರಶ್ನೆಗೆ ಈ ಮೂರು ಸಾಕು.

ಜಾಝ್‌ನ ಕಟ್ಟಡ ನಿಮಗೆ ಕಷ್ಟ ಆಗುವುದಿಲ್ಲ. ಮೊದಲು ಎಲ್ಲರೂ ಸೇರಿ ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದರ ಮೇಲೆ ಮನೋಧರ್ಮ ನುಡಿಸುತ್ತಾರೆ. ಕೊನೆಗೆ ಎಲ್ಲರೂ ಧಾಟಿಗೆ ವಾಪಸ್. ನಡುವೆ ಧಾಟಿ ಕಾಣೆಯಾದ ಹಾಗೆ ಅನ್ನಿಸಿದರೂ ಅದರ ಆವರ್ತನ ಕೆಳಗೆ ತಿರುಗುತ್ತಲೇ ಇರುತ್ತದೆ. ಸಾಮಾನ್ಯವಾಗಿ 32 ಅಳತೆಗಳ (ಒಂದು ಅಳತೆ ಅಂದರೆ ಹೆಚ್ಚಾಗಿ ನಾಲ್ಕು ಎಣಿಕೆ) ಒಂದು ಸುತ್ತು, ಬ್ಲೂಸ್ ಎಂಬ ಬಗೆಯಾದರೆ 12. ಬಾಸ್ ವಾದ್ಯದವರು ಹೆಜ್ಜೆ ಹಾಕಿದ ಹಾಗೆ ಒಂದೊಂದೇ ಸ್ವರ ಇಡುತ್ತಿರುತ್ತಾರೆ, ಅವರನ್ನು ಹಿಡಿದುಕೊಂಡರೆ ನೀವು ಕಳೆದುಹೋಗುವುದಿಲ್ಲ. ಕೊನೆಗೆ ಸ್ಯಾಕ್ಸೋಫೋನ್‌ನವರೂ ಡ್ರಮ್ಸ್‌ನವರೂ ನಾಲ್ಕು ನಾಲ್ಕು ಅಳತೆ ಹಂಚಿಕೊಂಡು ಸವಾಲ್ ಜವಾಬ್ ಮಾಡುತ್ತಾರೆ. ತನಿ ಆವರ್ತನದಲ್ಲಿ ಮೃದಂಗ, ಘಟ ಮಾಡುವುದು ಅದನ್ನೇ ಅಲ್ವಾ?

ಎರಡು ಉದಾಹರಣೆ ಕೊಡುತ್ತೇನೆ, ಎರಡೂ 1959ರವು, ಎರಡೂ ಜಾಝ್ ಸ್ಟೇಶನ್‌ಗಳಲ್ಲಿ ಆಗಾಗ ಬರುತ್ತವೆ. ಒಂದು ಮೈಲ್ಸ್ ಡೇವಿಸ್‌ನ ‘ಸೋ ವಾಟ್’. ಬಾಸ್ ಒಂದು ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತಾರೆ. ಇದರ ಸ್ವರಗಳು ನೇರ ಖರಹರಪ್ರಿಯದವು. 16 ಅಳತೆ ಒಂದು ಷಡ್ಜದಲ್ಲಿ, ಆಮೇಲೆ 8 ಅಳತೆ ಅರ್ಧ ಸ್ವರ ಮೇಲೆ, ಮತ್ತೆ 8 ಅಳತೆ ಮೊದಲಿನ ಜಾಗದಲ್ಲಿ. ಅಂದರೆ ಇಡೀ ಖರಹರಪ್ರಿಯವನ್ನು ಎತ್ತಿ ಅರ್ಧ ಮೆಟ್ಟಿಲು ಮೇಲೆ ಇಟ್ಟು ಮತ್ತೆ ಇಳಿಸುತ್ತಾರೆ. ನಾನು ಮೇಲೆ ಹೇಳಿದ ‘ಸ ಜಾಗ ಬದಲಾಯಿಸುತ್ತದೆ’ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಲಾಗುವುದಿಲ್ಲ. ಒಂಬತ್ತು ನಿಮಿಷದಲ್ಲಿ ಈ ಏರುವುದು ಇಳಿಯುವುದು ಹಲವು ಸಲ ಆಗುತ್ತದೆ. ಮೈಲ್ಸ್ ಆದ ಮೇಲೆ ಕೋಲ್ಟ್ರೇನ್, ಆಮೇಲೆ ಕ್ಯಾನನ್‌ಬಾಲ್ ಆಡರ್ಲಿ, ಆಮೇಲೆ ಬಿಲ್ ಇವಾನ್ಸ್ ಪಿಯಾನೋ. ನಾಲ್ಕನೇ ಸಲ ಕೇಳುವಾಗ ಮೇಲೇರುವ ಕ್ಷಣ ನಿಮಗೆ ಮುಂಚೆಯೇ ಗೊತ್ತಾಗುತ್ತದೆ, ಸ್ಟೀರಿಂಗ್ ಮೇಲೆ ಬೆರಳು ತಾನಾಗಿ ಬಡಿಯುತ್ತದೆ. ಇನ್ನೊಂದು ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’, ಸ್ಯಾಕ್ಸ್ ನುಡಿಸುತ್ತಿದ್ದ ಪಾಲ್ ಡೆಸ್ಮಂಡ್ ಬರೆದದ್ದು. ಐದರ ಲೆಕ್ಕ. ನಮ್ಮ ಖಂಡಚಾಪು ‘ತಕ ತಕಿಟ’. ಇದು ತಿರುವುಮುರುವು, ‘ತಕಿಟ ತಕ’. ಅಮೆರಿಕದವರಿಗೆ ವಿಚಿತ್ರ ಅನ್ನಿಸಿದ ತಾಳ ನಿಮಗೆ ಮನೆಯ ಅಂಗಳ.

ಬೇಸಿಗೆ, ಜಾಝ್, ರೇಡಿಯೋ ಮೂರೂ ಒಂದೇ ಕಡೆ ಸೇರಿದ ಕಥೆಯೊಂದಿದೆ. ನಿಮ್ಮ ಮನೆಯಿಂದ ಒಂದೂವರೆ ಎರಡು ಗಂಟೆ ಕಾರಿನ ದಾರಿ ಇರಬಹುದು, ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್. 1954ರಲ್ಲಿ ಜಾರ್ಜ್ ವೀನ್ ಅಲ್ಲಿ ಜಾಝ್ ಹಬ್ಬ ಶುರು ಮಾಡಿದರು. 1956ರ ಜುಲೈ 7ರ ರಾತ್ರಿ ಡ್ಯೂಕ್ ಎಲಿಂಗ್ಟನ್ ತಂಡದ ಸರದಿ ಬರುವ ಹೊತ್ತಿಗೆ ಬಹಳ ತಡ ಆಗಿತ್ತು, ಜನ ಏಳಲು ಶುರು ಮಾಡಿದ್ದರು. ಎಲಿಂಗ್ಟನ್ 1937ರ ಹಳೆಯ ಬ್ಲೂಸ್ ಜೋಡಿಯೊಂದನ್ನು ಎತ್ತಿಕೊಂಡರು. ಎರಡರ ನಡುವೆ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸ್ ಹಿಡಿದು ಎದ್ದು ನಿಂತರು. 12 ಅಳತೆಯ ಸುತ್ತು ಒಂದಾಯಿತು, ಹತ್ತಾಯಿತು, ಇಪ್ಪತ್ತಾಯಿತು, 27 ಸುತ್ತು ಬಿಡದೆ ನುಡಿಸಿದರು. ಹೊರಟವರು ವಾಪಸ್ ಬಂದರು, ಕುರ್ಚಿಗಳ ಮೇಲೆ ನಿಂತರು, ಕುಣಿದರು. ಇಳಿಮುಖದಲ್ಲಿದ್ದ ಎಲಿಂಗ್ಟನ್ ಹೆಸರು ಆ ಒಂದು ರಾತ್ರಿಯಲ್ಲಿ ಮತ್ತೆ ಮೇಲೆದ್ದಿತು.

ರೇಡಿಯೋದ ಪಾತ್ರ ಇಲ್ಲಿದೆ. ವೇದಿಕೆಯ ಮೇಲೆ ಎರಡು ಬಗೆಯ ಮೈಕ್ ಇದ್ದವು. ಒಂದು ರೆಕಾರ್ಡ್ ಕಂಪನಿ ಕೊಲಂಬಿಯಾದ್ದು, ಇನ್ನೊಂದು ಅಮೆರಿಕ ಸರ್ಕಾರ ಹೊರದೇಶಗಳಿಗಾಗಿ ನಡೆಸುತ್ತಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದ್ದು. ಗೊನ್ಸಾಲ್ವೆಸ್ ನಿಂತು ನುಡಿಸಿದ್ದು ರೇಡಿಯೋ ಮೈಕಿನ ಮುಂದೆ. ಅದರಿಂದ ಕೊಲಂಬಿಯಾದ ಟೇಪಿನಲ್ಲಿ ಆ ಸೋಲೋ ದೂರದಿಂದ ಕೇಳಿದ ಹಾಗೆ ಇತ್ತು. ದಶಕಗಳ ನಂತರ ರೇಡಿಯೋದ ಟೇಪು ಸಿಕ್ಕಿತು. ಎರಡೂ ಟೇಪುಗಳನ್ನು ಸ್ವರಕ್ಕೆ ಸ್ವರ ಹೊಂದಿಸಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಇಟ್ಟು, 1999ರಲ್ಲಿ ಸ್ಟೀರಿಯೋದಲ್ಲಿ ಹೊರತಂದರು. ಆ ರಾತ್ರಿಯ ಉಸಿರು ನಮಗೆ ಇವತ್ತು ಸರಿಯಾಗಿ ಕೇಳಿಸುತ್ತಿದ್ದರೆ ಅದು ರೇಡಿಯೋ ಮೈಕಿನಿಂದ. 1999ರ ಆ ಆವೃತ್ತಿಯನ್ನೇ ಹುಡುಕಿ ಕೇಳಿ. 27 ಸುತ್ತನ್ನು ಎಣಿಸಲು ಪ್ರಯತ್ನಿಸಿ, ತಾಳ ಹಾಕಿ ಬೆಳೆದ ನಿಮಗೆ ಅದು ಆಗುತ್ತದೆ.

ಅದೇ ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕಾನೋವರ್ ಎಂಬವರು 1955ರಿಂದ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಶಾರ್ಟ್‌ವೇವ್‌ನಲ್ಲಿ ಲೋಕವೆಲ್ಲ ಕೇಳುತ್ತಿತ್ತು, ಅಮೆರಿಕದ ಒಳಗೆ ಮಾತ್ರ ಪ್ರಸಾರ ಮಾಡಲು ಕಾನೂನು ಬಿಡುತ್ತಿರಲಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲಿ ಅಂತ ಅವರು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದರು. ನುಡಿಸಿದವರ ಹೆಸರು, ಕೃತಿಯ ಹೆಸರು, ಆಮೇಲೆ ಸಂಗೀತ, ಅಷ್ಟೇ. ಒಳ್ಳೆಯ ನಿರೂಪಣೆ ಅಂದರೆ ನನಗೆ ಇಂದಿಗೂ ಅದೇ. ನಿಮ್ಮ ಸ್ಟೇಶನ್‌ನ ನಿರೂಪಕರು ಹೆಸರು ಹೇಳುವಾಗ ಕಿವಿಗೊಡಿ, ಮನೆಗೆ ಹೋದ ಮೇಲೆ ಬರೆದಿಟ್ಟುಕೊಳ್ಳಿ. ಸ್ಟೇಶನ್‌ಗಳ ವೆಬ್‌ಸೈಟಿನಲ್ಲಿ ಅಂದಿನ ಪಟ್ಟಿಯೂ ಸಾಮಾನ್ಯವಾಗಿ ಇರುತ್ತದೆ.

ಇನ್ನು ನಿಮ್ಮ ಅಣ್ಣನ ಪ್ರಾಮ್ಸ್. ಅವರು ಹೇಳುವುದು ಸರಿ. 1895ರ ಆಗಸ್ಟ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಶುರುವಾಯಿತು. ಕಡಿಮೆ ದುಡ್ಡಿಗೆ, ನಿಂತುಕೊಂಡು ಓಡಾಡಿಕೊಂಡು ಸಂಗೀತ ಕೇಳಲಿ ಅನ್ನುವುದೇ ಉದ್ದೇಶ, ಪ್ರಾಮನೇಡ್ ಅಂದರೆ ಅಡ್ಡಾಡುವುದು, ಹೆಸರೂ ಅದರಿಂದಲೇ ಬಂತು. ಹೆನ್ರಿ ವುಡ್ ಎಂಬವರು ಸುಮಾರು ಅರ್ಧ ಶತಮಾನ ನಡೆಸಿದರು. 1927ರಲ್ಲಿ ಬಿಬಿಸಿ ವಹಿಸಿಕೊಂಡಿತು. 1941ರಲ್ಲಿ ಬಾಂಬು ಬಿದ್ದು ಕ್ವೀನ್ಸ್ ಹಾಲ್ ಸುಟ್ಟುಹೋಯಿತು, ಅಂದಿನ ಬೇಸಿಗೆಯಲ್ಲೇ ಕಚೇರಿಗಳು ರಾಯಲ್ ಆಲ್ಬರ್ಟ್ ಹಾಲ್‌ಗೆ ಹೋದವು. ಈಗಲೂ ನೆಲದಲ್ಲಿ ನಿಂತು ಕೇಳುವವರಿಗೆ ಟಿಕೆಟ್ ಅಗ್ಗ. ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಎಂಟು ವಾರ, ಪ್ರತಿ ಕಚೇರಿಯೂ ಬಿಬಿಸಿ ರೇಡಿಯೋ 3ರಲ್ಲಿ ನೇರ. ಲಂಡನ್ನಿನ ಸಂಜೆ 7 ಅಂದರೆ ನಿಮಗೆ ಮಧ್ಯಾಹ್ನ 2, ಮೈಸೂರಿನಲ್ಲಿ ರಾತ್ರಿ ಹನ್ನೊಂದೂವರೆ. ಅಣ್ಣನಿಗೆ ಹೇಳಿ, ಅವರೂ ಒಮ್ಮೆ ಹೋಗಿ ನಿಂತು ಕೇಳಲಿ, ಅದೇ ಹೊತ್ತಿಗೆ ನೀವು ರೇಡಿಯೋ ಹಾಕಿಕೊಳ್ಳಿ.

1994ರಲ್ಲಿ ಅದೇ ಪ್ರಾಮ್ಸ್‌ಗೆ ನಮ್ಮ ಕದ್ರಿ ಗೋಪಾಲನಾಥ್ ಹೋಗಿದ್ದರು. ಅಲ್ಲಿಗೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. ಅವರು ಹುಡುಗನಾಗಿದ್ದಾಗ ಸ್ಯಾಕ್ಸೋಫೋನ್ ಮೊದಲು ನೋಡಿದ್ದು ನಿಮ್ಮ ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಗೊನ್ಸಾಲ್ವೆಸ್ ಕೈಯಲ್ಲಿ ಬ್ಲೂಸ್ ಆಡಿದ ವಾದ್ಯದ ಬಳಗದ್ದೇ ಒಂದು ವಾದ್ಯದಲ್ಲಿ ಅವರು ಗಮಕ ಹೊರಡಿಸಿದರು. 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಅವರು ಮಾಡಿದ ‘ಕಿನ್ಸ್‌ಮೆನ್’ ಧ್ವನಿಮುದ್ರಣ ಕೇಳಿ. ಹಾಗೆಯೇ ಚಾರ್ಲಿ ಮರಿಯಾನೊ, ಬಾಸ್ಟನ್‌ನವರು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ 1983ರಲ್ಲಿ ಮಾಡಿದ ‘ಜ್ಯೋತಿ’. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಹಾಡಿಕೆ. ಎರಡು ಊರಿನವರಾದ ನಿಮಗೆ ಇವು ಎರಡು ಕಡೆಯಿಂದಲೂ ಅರ್ಥ ಆಗುತ್ತವೆ.

ಕೊನೆಯದಾಗಿ, ಆಗಸ್ಟ್ ಮುಗಿಯುವ ಹೊತ್ತಿಗೆ ಕೇಳಬೇಕಾದ ಒಂದು ಹಾಡು. ರಿಚರ್ಡ್ ಸ್ಟ್ರೌಸ್ ತೀರಿಕೊಳ್ಳುವ ಹಿಂದಿನ ವರ್ಷ ನಾಲ್ಕು ಹಾಡು ಬರೆದರು. 1950ರ ಮೇ 22ರಂದು ಅವನ್ನು ಮೊದಲ ಸಲ ಹಾಡಿದ್ದು ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫರ್ಟ್‌ವೆಂಗ್ಲರ್. ಆ ಕಚೇರಿ ನಡೆಯಲಿ, ಅದರ ಧ್ವನಿಮುದ್ರಣ ತಮ್ಮ ಸಂಗ್ರಹಕ್ಕೆ ಬರಲಿ ಅಂತ 4,800 ಡಾಲರ್‌ಗೆ ಖಾತರಿ ನಿಂತವರು ನಿಮ್ಮ ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು ಅವರೇ, ರಷ್ಯಾದ ಮೆಟ್ನರ್ ತನ್ನ ಮೂರನೇ ಪಿಯಾನೋ ಕಂಚೆರ್ಟೊ ಅರ್ಪಿಸಿದ್ದೂ ಅವರಿಗೇ. ಆ ನಾಲ್ಕು ಹಾಡುಗಳಲ್ಲಿ ಒಂದರ ಹೆಸರು ‘ಸೆಪ್ಟೆಂಬರ್’. ತೋಟದಲ್ಲಿ ಮಳೆ ಹನಿಯುತ್ತಿದೆ, ಬೇಸಿಗೆ ನಡುಗುತ್ತಾ, ನಸುನಗುತ್ತಾ ಕಣ್ಣು ಮುಚ್ಚುತ್ತಿದೆ. ಐದು ನಿಮಿಷದ ಒಳಗೆ ಹಾಡುವ ದನಿ ನಿಂತುಹೋಗುತ್ತದೆ, ಆಮೇಲೆ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯವೊಂದು ಮಾತ್ರ ಆ ಧಾಟಿಯನ್ನು ಮೆಲ್ಲಗೆ ಎತ್ತಿಕೊಳ್ಳುತ್ತದೆ. ಸ್ಟ್ರೌಸ್‌ನ ಅಪ್ಪ ನುಡಿಸುತ್ತಿದ್ದ ವಾದ್ಯ ಅದು. ಕಾರಿನಲ್ಲಿದ್ದಾಗ ಇದು ಬಂದರೆ ಎಲ್ಲಾದರೂ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಹಾರ್ನ್ ಬಹಳ ಮೆಲ್ಲಗಿದೆ, ಇಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ.